ಕದಂಬ ಉಂಟು, ಗಂಗ ಉಂಟು

ಎರಡು ತಿಂಗಳ ಹಿಂದೆ ಮದರಾಸಿನ ಕೀಲ್ಪಾಕಿನಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಮೇರಿಕಾ ದೇಶ ಹುಟ್ಟಿತು. ಒಟ್ಟು ನಲವತ್ತು ನಿಮಿಷ ಹಿಡಿಯಿತು. ನಡುವೆ ಒಂದು ಸಲ ರೆಕಾರ್ಡು ಮಗುಚಿ ಹಾಕಬೇಕಾಯಿತು, ಅಷ್ಟೆ.

ಹಡಗಿನ ಕಂಪನಿಯಲ್ಲಿರುವ ನನ್ನ ತಮ್ಮ ತಂದುಕೊಟ್ಟ ಲಾಂಗ್‌ಪ್ಲೇ ರೆಕಾರ್ಡು ಅದು. ಆ ದೇಶದ ಚರಿತ್ರೆಯನ್ನು ಆ ದೇಶದವರೇ ಹಾಡು ಕಟ್ಟಿ ಗೇಲಿ ಮಾಡಿದ್ದಾರೆ. ತೆರಿಗೆಯ ಸಿಟ್ಟಿಗೆ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆಯಲು ಬಂದ ವೀರರು, ಎಸೆಯುವ ಮೊದಲು ಸಕ್ಕರೆ ಎಷ್ಟು ಚಮಚ ಎಂದು ರಾಗವಾಗಿ ಜಗಳವಾಡುತ್ತಾರೆ. ಹಿಂದೆ ದೊಡ್ಡ ಬ್ಯಾಂಡು ಬೇರೆ. (ಅರ್ಧ ಇಂಗ್ಲಿಷು ನನಗೆ ತಿಳಿಯಲಿಲ್ಲ. ಪಕ್ಕದವರು ನಕ್ಕಾಗ ನಕ್ಕೆ. ನೀವೂ ಹಾಗೆ ನಕ್ಕಿದ್ದೀರಿ, ಸುಳ್ಳು ಹೇಳಬೇಡಿ.)

ಪಕ್ಕದಲ್ಲಿ ಕೂತು ನಕ್ಕವರು ಎದುರುಮನೆಯ ಚೆನ್ನಬಸಪ್ಪ ಮಾಸ್ತರು. ಧಾರವಾಡದ ಕಡೆಯವರು. ಇದೇ ಮದರಾಸಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ರಿಟೈರ್ ಆದವರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು.

"ಭಾಳ ಧೈರ್ಯದ ಮಂದಿ ನೋಡ್ ತಂಗಿ ಇವರು" ಅಂದರು.

"ಇದರಲ್ಲಿ ಧೈರ್ಯ ಏನ್ ಬಂತು ಮಾಸ್ತರೇ?"

"ತಮ್ಮ ಹಿರೇರನ್ನ ನೋಡಿ ಮಂದಿ ನಗಬೇಕಂದ್ರ, ಹಿರೇರು ಯಾರಂತ ಆ ಮಂದೀಗೆ ಮೊದಲ ಗೊತ್ತಿರಬೇಕಲ್ಲ? ಗೊತ್ತೈತಿ ಅನ್ನೋ ಧೈರ್ಯ ಅದು. ನಮ್ಮ ಗಿರಿಜಾ ನಿನ್ನೆ ಸಾಲಿಯಿಂದ ಬಂದು ಏನ್ ಕೇಳಿದ್ಲು ಗೊತ್ತೇನು?"

ಗಿರಿಜಾ ಅವರ ಮೊಮ್ಮಗಳು. ಒಂಬತ್ತು ವರ್ಷ. ಮನೆಯವರು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಜಾತಿ. (ನಮ್ಮ ಮನೆಯಲ್ಲೂ ಇಂಥ ಎರಡಿವೆ.) ತರಗತಿಯಲ್ಲಿ ಚೋಳರ ಪಾಠ ನಡೆಯುತ್ತಿತ್ತಂತೆ. ಅವಳ ಇಬ್ಬರು ಗೆಳತಿಯರು, ನಿಮ್ಮ ಜನಕ್ಕೆ ರಾಜರೇ ಇಲ್ಲ, ಬರೀ ಹೋಟೆಲು ಅಂದರಂತೆ. (ಮದರಾಸಿನಲ್ಲಿ ಕನ್ನಡದವರೆಂದರೆ ಉಡುಪಿ ಹೋಟೆಲಿನವರು ತಾನೇ.) ಹುಡುಗಿ ಮನೆಗೆ ಬಂದು, ಚೀಲ ಕೆಳಗಿಡದೆ, "ತಾತಾ, ನಮಕ್ಕು ರಾಜಾವೇ ಇಲ್ಲೈಯಾ? ಹೋಟ್ಟಲ್ ಮಟ್ಟುಂದಾನಾ?" ಎಂದು ಕೇಳಿದಳಂತೆ. ನಮಗೆ ರಾಜರೇ ಇಲ್ಲವಾ, ಹೋಟೆಲು ಮಾತ್ರವಾ ಎಂದು.

ಮಾಸ್ತರು ಕೂಡಲೇ ಕದಂಬರಿಂದ ಶುರು ಮಾಡಿದರು. ಗಂಗರ ಹತ್ತಿರ ಬರುವಷ್ಟರಲ್ಲಿ ಹುಡುಗಿ ಆಡಲು ಹೋಗಿದ್ದಳು.

"ಮೂವತ್ತ ವರ್ಷ ಹಿಂಗ ಆತು. ನಾ ಪಾಠ ಸುರು ಮಾಡಿದ್ರ ಹುಡುಗೂರು ಕಿಟಕಿ ನೋಡ್ತಿದ್ರು" ಅಂದರು. ತಮಾಷೆಯಾಗಿ ಹೇಳಲಿಲ್ಲ.

ಆಗ ಬಾಯಿ ತಪ್ಪಿ ಅಂದುಬಿಟ್ಟೆ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾವೂ ಯಾಕೆ ಇಂಥದೊಂದು ಮಾಡಬಾರದು? ನಾನು ಬರೆಯುತ್ತೇನೆ, ನೀವು ಚಕ್ರವರ್ತಿಯಾಗಿ. ಮಾಸ್ತರು ಕನ್ನಡಕ ಹಾಕಿಕೊಂಡರು. ಬೇಡ ಅನ್ನಲಿಲ್ಲ.

ಹದಿನೆಂಟು ಪುಟ ಬರೆದೆ. ಬಾದಾಮಿಯ ಚಾಲುಕ್ಯ ಚಕ್ರವರ್ತಿ ಪಲ್ಲವರ ಕಂಚಿಯನ್ನು ಗೆಲ್ಲುವ ಕಥೆ, ಎಲ್ಲ ಹಾಡಿನಲ್ಲೇ. ಸಂಘದ ಕಮಿಟಿ ಕೂಡುವುದು ನಮ್ಮ ಅಧ್ಯಕ್ಷರಾದ ಅನಂತರಾಯರ ಹೋಟೆಲಿನ ಮಾಳಿಗೆಯಲ್ಲಿ. ರಾಯರು ಉಡುಪಿ ಕಡೆಯವರು, ತುಂಬ ಒಳ್ಳೆಯವರು, ತುಂಬ ಹೆದರುವವರು. ಕೈಯಲ್ಲಿ ಕೆಂಪು ಪೆನ್ಸಿಲ್ ಹಿಡಿದು ಕೂತರು.

"ಎಂತ ಅಮ್ಮಾ ಇದು? ನಮ್ಮ ರಾಜನನ್ನು ನೋಡಿ ನಾವೇ ನಗುವುದಾ?" ಎರಡು ಪುಟ ಹೋಯಿತು.

"ಸರಿ, ಪಲ್ಲವ ರಾಜನ್ನ ನೋಡಿ ನಗೋಣ" ಅಂದೆ.

"ನಿಮಗೆ ಹುಚ್ಚಾ, ಮರ್ಲಾ? ಮುಂದಿನ ಸಾಲಿನಲ್ಲಿ ಕೂರುವವರು ಯಾರು? ಎಲ್ಲ ಇಲ್ಲಿಯ ತಮಿಳರೇ. ಮೊದಲೇ ಕಾಲ ಸರಿ ಇಲ್ಲ. ನಾಳೆ ಹೋಟೆಲಿಗೆ ಯಾರು ಬರ್ತಾರೆ?" ಇನ್ನೂ ಐದು ಪುಟ ಹೋಯಿತು.

ಕೊನೆಗೆ ನಗಲು ಉಳಿದದ್ದು ಚಕ್ರವರ್ತಿಯ ಕುದುರೆ ಒಂದೇ. ಅದಕ್ಕೂ ಒಬ್ಬರು, ಕುದುರೆಯ ವೇಷ ಹಾಕುವವರ ಮರ್ಯಾದೆ ನೋಡಬೇಕಲ್ಲ ಎಂದು ರಾಗ ಎಳೆದರು.

"ಒಂದು ಕೆಲಸ ಮಾಡುವ. ಆ ಅಮೇರಿಕದ ರೆಕಾರ್ಡನ್ನೇ ಹಾಕಿಬಿಡುವ. ಅವರನ್ನು ನೋಡಿ ನಕ್ಕರೆ ಯಾರಿಗೂ ಬೇಜಾರಿಲ್ಲ" ಅಂದರು ರಾಯರು. ಎಲ್ಲರೂ ತಲೆಯಾಡಿಸಿದರು.

ನೋಡಿ, ಬೇರೆಯವರ ಅಜ್ಜನನ್ನು ನೋಡಿ ನಗುವುದು ಎಷ್ಟು ಸುಲಭ! ನಮ್ಮ ಅಜ್ಜನ ಪಟಕ್ಕೆ ಮಾತ್ರ ಹಾರ ಹಾಕಿ ಕೈ ಮುಗಿಯುತ್ತೇವೆ. ಆಮೇಲೆ ಅಜ್ಜನ ಹೆಸರೇನು ಎಂದು ಮಗು ಕೇಳಿದರೆ ತಡವರಿಸುತ್ತೇವೆ. ನನಗೆ ರೇಗಿತು. ಮಾಸ್ತರು ಮಾತ್ರ ತಲೆ ತಗ್ಗಿಸಿ ಮೇಜಿನ ಮೇಲಿನ ನೀರಿನ ಲೋಟ ತಿರುಗಿಸುತ್ತಿದ್ದರು.

ಅಷ್ಟರಲ್ಲಿ ಸಪ್ಲಾಯರ್ ಸುಬ್ರಾಯ ಮೇಲೆ ಬಂದ. ಇಪ್ಪತ್ತು ವರ್ಷದಿಂದ ಇದೇ ಹೋಟೆಲಿನಲ್ಲಿರುವವನು. "ಏನೇನೈತಿ?" ಎಂದು ಮಾಸ್ತರು ತಲೆ ಎತ್ತದೆ ಕೇಳಿದರು.

"ಇಡ್ಲಿ ಉಂಟು, ವಡೆ ಉಂಟು, ಪೊಂಗಲ್ ಬಿಸಿ ಉಂಟು, ಪೂರಿ ಈಗಷ್ಟೇ ಆದದ್ದು, ರವಾ ದೋಸೆ ಸ್ವಲ್ಪ ತಡ, ಕೇಸರಿಬಾತ್ ಖಾಲಿ!" ಒಂದೇ ಉಸಿರು. ಎಲ್ಲಿ ಏರಬೇಕೋ ಏರಿ, ಎಲ್ಲಿ ಇಳಿಯಬೇಕೋ ಇಳಿದು.

ಮಾಸ್ತರು ನೆಟ್ಟಗೆ ಕೂತರು. "ಇನ್ನೊಮ್ಮೆ ಹೇಳಪಾ" ಅಂದರು. ಅವನು ಹೇಳಿದ. ಮಾಸ್ತರು ಅದೇ ರಾಗದಲ್ಲಿ ಮೆಲ್ಲಗೆ ಶುರು ಮಾಡಿದರು: "ಕದಂಬ ಉಂಟು, ಗಂಗ ಉಂಟು, ಚಾಲುಕ್ಯ ಬಿಸಿ ಉಂಟು, ರಾಷ್ಟ್ರಕೂಟ ಈಗಷ್ಟೇ ಆದದ್ದು, ಹೊಯ್ಸಳ ಸ್ವಲ್ಪ ತಡ, ವಿಜಯನಗರ ಖಾಲಿ!"

ರಾಯರು ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ. ಕೆಂಪು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. ತಮ್ಮ ಸಪ್ಲಾಯರ್ ಸ್ಟೇಜಿನ ಮೇಲೆ ಬರುತ್ತಾನೆಂದು ಒಳಗೊಳಗೇ ಖುಷಿಯೂ ಆಗಿರಬೇಕು. ಕಂಚಿಯನ್ನು ಗೆದ್ದ ಚಕ್ರವರ್ತಿ ಸಿಂಹಾಸನದ ಮೇಲೆ ಕೂತು "ಏನೇನೈತಿ?" ಎಂದು ಕೇಳುವುದು, ಸುಬ್ರಾಯ ರಾಜವಂಶಗಳ ಪಟ್ಟಿ ಒಪ್ಪಿಸುವುದು. ಇಷ್ಟೇ ನಾಟಕ. ಒಂದು ತಿಂಗಳು ರಿಹರ್ಸಲ್ ನಡೆಯಿತು. "ಅನುಕ್ರಮ ತಪ್ಪಬಾರದು" ಎಂಬುದೊಂದೇ ಮಾಸ್ತರ ಹಟ.

ಕಳೆದ ಭಾನುವಾರ ಸಂಜೆ ನಾಲ್ಕಕ್ಕೆ ಹಾಲ್ ತುಂಬಿತ್ತು. ಕಿರೀಟ ವಡಪಳನಿಯಿಂದ ಬಾಡಿಗೆಗೆ ಬಂದದ್ದು. (ಸಿನಿಮಾಗಳಲ್ಲಿ ಪಾಂಡ್ಯ ದೊರೆಯ ತಲೆ ಮೇಲೆ ಕೂತ ಕಿರೀಟವಂತೆ. ರಾಯರಿಗೆ ಹೇಳಿರಲಿಲ್ಲ.) ಅದು ಮಾಸ್ತರ ಮೂಗಿನವರೆಗೆ ಇಳಿಯುತ್ತಿತ್ತು, ಒಳಗೆ ಕರ್ಚೀಫು ತುರುಕಿದೆ. ಎರಡನೇ ಸಾಲಿನಲ್ಲಿ ಗಿರಿಜಾ. ಅವಳ ಎರಡೂ ಬದಿಗೆ ಆ ಇಬ್ಬರು ಗೆಳತಿಯರು. ಕರೆದುಕೊಂಡು ಬಾ ಎಂದು ಮಾಸ್ತರೇ ಹಟ ಹಿಡಿದಿದ್ದರು.

ಪರದೆ ಸರಿಯಿತು. ಚಕ್ರವರ್ತಿ ಗಂಭೀರವಾಗಿ ಕೂತರು. ಸುಬ್ರಾಯ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಬಂದು ನಿಂತ.

"ಏನೇನೈತಿ?"

ಕೂತವರೊಬ್ಬರು ಏನಿದೆ ಎಂದು ಕೇಳಿದರೆ ಇಪ್ಪತ್ತು ವರ್ಷದಿಂದ ಅವನ ಬಾಯಿ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಯಿತು. "ಇಡ್ಲಿ ಉಂಟು, ವಡೆ ಉಂಟು, ಪೊಂಗಲ್ ಬಿಸಿ ಉಂಟು..."

ಖಾಲಿ ಎಂದು ಮುಗಿಸಿದ ಮೇಲೆ ಅವನಿಗೇ ಗೊತ್ತಾಯಿತು. ಮುಖ ಬಿಳಿಚಿಕೊಂಡಿತು. ರಾಯರು ಕಣ್ಣು ಮುಚ್ಚಿದರು. ನಾನು ಪರದೆಯ ಹಗ್ಗ ಹಿಡಿದುಕೊಂಡು, ಎಳೆಯಲೋ ಬೇಡವೋ ಎಂದು ನಿಂತೆ. ಎರಡನೇ ಸಾಲಿನಲ್ಲಿ ಗಿರಿಜಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳ ಗೆಳತಿಯೊಬ್ಬಳು ಬಾಗಿ ಇನ್ನೊಬ್ಬಳಿಗೆ ಏನೋ ಹೇಳಿದಳು. ಏನು ಹೇಳಿರಬಹುದು? ಹೋಟೆಲು ಮಾತ್ರ, ನೋಡು, ಎಂದೇ?

ಮಾಸ್ತರು ಮೊಮ್ಮಗಳನ್ನು ನೋಡಿದರು. ಕಿರೀಟ ಸರಿ ಮಾಡಿಕೊಂಡರು. ಆಮೇಲೆ ಅದೇ ಗಾಂಭೀರ್ಯದಲ್ಲಿ, "ಹಂಗಾರ ಮೊದಲ ಎರಡು ಇಡ್ಲಿ ತಗೊಂಡ್ ಬಾ. ಕಂಚಿಗೆ ಬಂದು ಇಡ್ಲಿ ತಿನ್ನದ ಹಂಗ ಹೋದ್ರ ಪಲ್ಲವರು ಏನ್ ತಿಳ್ಕೊಂಡಾರು?" ಅಂದರು.

ಹಾಲ್ ಬಿದ್ದುಹೋಗುವಂಥ ನಗು. ಕನ್ನಡ ತಿಳಿಯದವರಿಗೂ ಕಂಚಿ ತಿಳಿಯುತ್ತದೆ, ಇಡ್ಲಿ ತಿಳಿಯುತ್ತದೆ. ಮುಂದಿನ ಸಾಲಿನ ತಮಿಳು ಯಜಮಾನರೊಬ್ಬರು ಉತ್ತರೀಯದಲ್ಲಿ ಕಣ್ಣೊರೆಸಿಕೊಂಡರು. ರಾಯರು ಕಣ್ಣು ಬಿಟ್ಟರು.

ನಗು ಇಳಿಯುವವರೆಗೆ ಕಾದು ಮಾಸ್ತರು ಕೇಳಿದರು. "ಇಡ್ಲಿ ಆತು. ರಾಜರು ಯಾರ್ಯಾರದಾರ?"

ಸುಬ್ರಾಯ ಈ ಸಲ ತಪ್ಪಲಿಲ್ಲ. ಕದಂಬದಿಂದ ವಿಜಯನಗರದವರೆಗೆ ಒಂದೇ ಉಸಿರು, ಅನುಕ್ರಮ ಒಂದಿಷ್ಟೂ ತಪ್ಪದೆ. ಜನ ಇನ್ನೊಮ್ಮೆ ಅಂದರು. ಮೂರನೇ ಸಲಕ್ಕೆ ಆ ಇಬ್ಬರು ಹುಡುಗಿಯರೂ ಚಪ್ಪಾಳೆ ತಟ್ಟುತ್ತಾ ಜೊತೆಗೆ ಹೇಳುತ್ತಿದ್ದರು. ಗಿರಿಜಾ ಕೈ ತೆಗೆದಿದ್ದಳು.

ಆ ಅಮೇರಿಕದವರ ಗುಟ್ಟು ನನಗೆ ಆಗ ಸ್ವಲ್ಪ ತಿಳಿಯಿತು. ಅವರು ತಮ್ಮ ಚರಿತ್ರೆಯನ್ನು ಸಣ್ಣದು ಮಾಡಿರಲಿಲ್ಲ. ಮನೆಯೊಳಗೆ ಕರೆದು ಕೂರಿಸಿದ್ದರು.

ಮಾರನೇ ದಿನ ಬೆಳಿಗ್ಗೆ ರೆಕಾರ್ಡು ಕೇಳಲು ಬೇಕೇ ಎಂದು ವಿಚಾರಿಸಲು ಮಾಸ್ತರ ಮನೆಗೆ ಹೋದೆ. ಗಿರಿಜಾ ಶಾಲೆಯ ಯೂನಿಫಾರ್ಮಿನಲ್ಲಿ ಊಟದ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎದುರಿಗೆ ಹೆಗಲ ಮೇಲೆ ಟವೆಲು ಹಾಕಿಕೊಂಡು ಮಾಸ್ತರು ನಿಂತಿದ್ದರು. ಅವಳು ಥೇಟು ಚಕ್ರವರ್ತಿಯ ಹಾಗೆ ಗದ್ದ ಎತ್ತಿ, "ಅಜ್ಜಾ, ಏನೇನೈತಿ?" ಎಂದಳು. ತಾತಾ ಅಲ್ಲ, ಅಜ್ಜಾ.

ಮಾಸ್ತರು ಒಪ್ಪಿಸಿದರು. ಅವಳು ಒಂದು ಪ್ಲೇಟ್ ಹೊಯ್ಸಳ ಆರ್ಡರ್ ಮಾಡಿದಳು. ಮಾಸ್ತರು ಹೊಯ್ಸಳರ ಕಥೆ ಹೇಳಿದರು. ಹುಡುಗಿ ಕಿಟಕಿ ನೋಡಲಿಲ್ಲ. ಶಾಲೆಯ ಹೊತ್ತಾಯಿತೆಂದು ಅವಳ ತಾಯಿ ಒಳಗಿನಿಂದ ಕೂಗಿದಾಗ, "ಇನ್ನೊಂಚೂರು ಹಾಕು ಅಜ್ಜಾ" ಅಂದಳು.

ಮೂವತ್ತು ವರ್ಷ ಚರಿತ್ರೆ ಬಡಿಸಿದ ಮನುಷ್ಯನನ್ನು ಇನ್ನೊಂದು ಸಲ ಬಡಿಸಿ ಎಂದು ಯಾರಾದರೂ ಕೇಳಿದ್ದು ಅದೇ ಮೊದಲು.