ಗುದ್ದಲಿ ಪೂಜೆಗೆ ಬಂದ ಪಕ್ಕದ ಮನೆ

ಕಳೆದ ಸೋಮವಾರ ಬೆಳಗಿನ ಐದೂ ಮುಕ್ಕಾಲಿಗೆ ನಾನು ನನ್ನ ಸ್ವಂತ ಮನೆಯಿಂದ ಕಳ್ಳನ ಹಾಗೆ ಹೊರಬಿದ್ದೆ. ಸ್ಕೂಟರಿನ ಮುಂದೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಗುದ್ದಲಿ. ಡಿಕ್ಕಿಯಲ್ಲಿ ಮೂರು ತೆಂಗಿನಕಾಯಿ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಶೈಲಾ. ಉಟ್ಟಿದ್ದು ಮೊಳಕಾಲ್ಮೂರು ರೇಷ್ಮೆ ಸೀರೆ. ಅದು ಯಾರಿಗೂ ಕಾಣದಿರಲಿ ಎಂದು ಮೇಲೆ ನನ್ನ ಸ್ವೆಟರು.

ಗುದ್ದಲಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿದರೆ ಹೇಗೆ ಕಾಣುತ್ತದೆ ಗೊತ್ತೆ? ಬೆಡ್‌ಶೀಟಿನಲ್ಲಿ ಸುತ್ತಿದ ಗುದ್ದಲಿಯ ಹಾಗೇ ಕಾಣುತ್ತದೆ. ಆದರೂ ಸುತ್ತಿದ್ದೆವು.

ಪಕ್ಕದ ಮನೆಯ ಪಾರ್ವತಕ್ಕ ಆಗಲೇ ಬಾಗಿಲಿಗೆ ನೀರು ಹಾಕುತ್ತಿದ್ದರು.

"ಏನೇ ಶೈಲಾ, ಇಷ್ಟೊತ್ತಿಗೇ ಎಲ್ಲಿಗೆ ಸವಾರಿ?"

"ನಾಯಕನಹಟ್ಟಿಗೆ ಅಕ್ಕಾ. ದರ್ಶನ ಮಾಡ್ಕೊಂಡು ಬಂದ್ಬಿಡ್ತೀವಿ."

"ಹೌದಾ? ಹೋಗ್ಬರ್ರಿ, ಹೋಗ್ಬರ್ರಿ."

ನಾಯಕನಹಟ್ಟಿ ಅಂದರೆ ಸಾಕು, "ತಡೀರಿ, ನಾನೂ ಬಂದೆ" ಎಂದು ಚಪ್ಪಲಿ ಮೆಟ್ಟುವವರು ಪಾರ್ವತಕ್ಕ. ಅಂಥವರು ಇಷ್ಟು ಸಲೀಸಾಗಿ ಬೀಳ್ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು. ಹಿಂದೆಯೇ ಅವರ ಯಜಮಾನರು ಕೊಟ್ರೇಶಣ್ಣ ಜರಿ ಅಂಚಿನ ಪಂಚೆ ಉಟ್ಟು ಜಗಲಿಗೆ ಬಂದರು. ನಮ್ಮನ್ನು ಕಂಡವರೇ ಬೆಚ್ಚಿ, "ವಾಕಿಂಗ್ ಹೊರಟಿದ್ದೆ ಕಣಪ್ಪಾ" ಅಂದರು. ಜರಿ ಪಂಚೆಯಲ್ಲಿ ವಾಕಿಂಗ್! ಆದರೆ ತಾನೇ ಸುಳ್ಳು ಹೇಳಿ ಹೊರಟವನಿಗೆ ಇನ್ನೊಬ್ಬರ ಸುಳ್ಳು ಎಲ್ಲಿ ಕಾಣುತ್ತೆ?

ನಾವು ಹೊರಟಿದ್ದು ನಾಯಕನಹಟ್ಟಿ ರಸ್ತೆಗೇ. ದೇವಸ್ಥಾನಕ್ಕಲ್ಲ. ಆ ರಸ್ತೆಯಲ್ಲಿ ಊರಾಚೆ ಒಂದು ಹೊಸ ಲೇಔಟ್ ಎದ್ದಿದೆ. ಅಲ್ಲಿ ಗುಟ್ಟಾಗಿ ಒಂದು ಸೈಟು ತೆಗೆದುಕೊಂಡಿದ್ದೆವು. ಅವತ್ತು ಅದರ ಗುದ್ದಲಿ ಪೂಜೆ.

ಇದ್ದ ಮನೆ ಬಿಟ್ಟು ಯಾಕಪ್ಪಾ ಅನ್ನುತ್ತೀರಾ? ನಮ್ಮದು ಚಳ್ಳಕೆರೆಯ ಹಳೇ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿ. ಒಂದು ಕಾಲಕ್ಕೆ ಇಲ್ಲಿ ಒಗೆದು ಹಾಕಿದ ಬಟ್ಟೆಯೂ ಶೇಂಗಾ ಎಣ್ಣೆ ವಾಸನೆ ಹೊಡೆಯುತ್ತಿತ್ತು. ಬಂದ ನೆಂಟರು ಬಜ್ಜಿ ಕರಿಯುತ್ತಿದ್ದಾರೆ ಎಂದು ತಿಳಿದು ಊಟಕ್ಕೆ ಕೂತುಬಿಡುತ್ತಿದ್ದರು. ಈಗ ಒಂದು ಮಿಲ್ಲು ಜಿಮ್ ಆಗಿದೆ, ಇನ್ನೊಂದು ಕೋಚಿಂಗ್ ಸೆಂಟರ್. ಮೂರನೆಯದರ ಮುಂದೆ ಗೋಬಿ ಮಂಚೂರಿ ಗಾಡಿ.

ಮೈ ಬೆಳೆಸುವವರ ಮೇಲೆ ನನಗೆ ದ್ವೇಷವಿಲ್ಲ. (ನನ್ನದೂ ಬೆಳೆದಿದೆ, ಬೇರೆ ದಿಕ್ಕಿನಲ್ಲಿ.) ಆದರೆ ಅವರ ಬೈಕುಗಳು ನಿಲ್ಲುವುದು ನನ್ನ ಗೇಟಿನ ಮುಂದೆ. ಪಂಪ್‌ಸೆಟ್ ಅಂಗಡಿ ಬಾಗಿಲು ತೆಗೆಯಲು ಹೊರಟವನು ಎಷ್ಟೋ ದಿನ ಹಿತ್ತಲ ಗೋಡೆ ಹಾರಿ, ಕೊಟ್ರೇಶಣ್ಣನ ಅಡುಗೆಮನೆ ಹಾದು, ಅಲ್ಲಿ ಪಾರ್ವತಕ್ಕ ಕೊಟ್ಟ ಕಾಫಿ ಕುಡಿದು, ಅವರ ಮುಂಬಾಗಿಲಿನಿಂದ ಬೀದಿಗೆ ಇಳಿದಿದ್ದೇನೆ. ಐವತ್ತೈದರ ಪ್ರಾಯದಲ್ಲಿ ಗೋಡೆ ಹಾರುವುದು ಜಿಮ್‌ಗಿಂತ ಕಷ್ಟ ಸ್ವಾಮಿ.

ಜಿಮ್ ಹುಡುಗ ಒಳ್ಳೆಯವನೇ. ಒಂದು ದಿನ ಬಂದು ವಿನಯದಿಂದ ಕೇಳಿದ: "ಅಂಕಲ್, ಮನೆ ಕೊಡೋದಿದ್ರೆ ಹೇಳಿ. ಕಾರ್ಡಿಯೋ ಸೆಕ್ಷನ್ ಮಾಡ್ಬೇಕು. ಯೋಚ್ನೆ ಮಾಡಿ ಒಂದು ಮಾತು ಹೇಳ್ಬಿಡಿ, ಆಯ್ತಾ?"

ನಮ್ಮ ದೇವರ ಕೋಣೆಯಲ್ಲಿ ಯಾರೋ ಚಡ್ಡಿ ಹಾಕಿಕೊಂಡು ನಿಂತಲ್ಲೇ ಓಡುವ ದೃಶ್ಯ ಕಣ್ಣಮುಂದೆ ಬಂತು. ಬೆಳಿಗ್ಗೆ ಎದ್ದಾಗ ಕೊಟ್ಟುಬಿಡೋಣ ಅನ್ನಿಸುತ್ತಿತ್ತು. ಸಂಜೆ ಜಗಲಿಯ ಮೇಲೆ ಕೂತಾಗ ಬೇಡ ಅನ್ನಿಸುತ್ತಿತ್ತು. ಶೈಲಾಳದು ಮಾತ್ರ ಒಂದೇ ಹಟ, ಹೋಗೋಣ. ಮೊಳಕಾಲ್ಮೂರಿನ ಅವಳ ತಮ್ಮ ದಿನವೂ ಫೋನಿನಲ್ಲಿ ಆ ಬೆಂಕಿಗೆ ತುಪ್ಪ ಸುರಿಯುತ್ತಿದ್ದ: "ಅಕ್ಕಾ, ಲೇಟ್ ಮಾಡಿದ್ರೆ ಪೋಯಿಂದಿ ಅನ್ಕೋ!" ಹೋಯಿತು ಅನ್ನುವುದನ್ನು ತೆಲುಗಿನಲ್ಲಿ ಹೇಳಿದರೆ ಭಯ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಕೊನೆಗೆ, ಗುದ್ದಲಿ ಪೂಜೆಯೊಂದು ಆಗಿಬಿಡಲಿ, ಆಮೇಲೆ ಮನಸ್ಸೂ ಗಟ್ಟಿಯಾಗುತ್ತದೆ ಎಂದುಕೊಂಡೆವು.

ಇನ್ನು ಗುಟ್ಟು ಯಾಕೆ? ನಿಮಗೂ ಗೊತ್ತಿರುವುದೇ. ಕಣ್ಣು ತಾಗುತ್ತದೆ! ಮಗಳಿಗೆ ಗಂಡು ಗೊತ್ತಾದದ್ದು, ಸೈಟು ಕೊಂಡದ್ದು, ಬೋರಿನಲ್ಲಿ ನೀರು ಬಿದ್ದದ್ದು, ಇವನ್ನು ಪೂಜೆ ಆಗುವ ತನಕ ನಮ್ಮ ಕಡೆ ಯಾರೂ ಬಾಯಿ ಬಿಡುವುದಿಲ್ಲ. ಅದರಲ್ಲೂ ಪಾರ್ವತಕ್ಕನ ಕಣ್ಣಿನ ಬಗ್ಗೆ ಶೈಲಾಗೆ ಗಾಢ ನಂಬಿಕೆ. ಹೊಸ ಮಿಕ್ಸಿ ತಂದಾಗ ಅವರು "ಭಾಳ ಚಲೋ ಐತೆ ಕಣೇ" ಅಂದಿದ್ದರು. ಮೂರೇ ದಿನಕ್ಕೆ ಮೋಟಾರ್ ಸುಟ್ಟಿತು. (ಒಣಕೊಬ್ಬರಿ ಗಿಟುಕನ್ನು ಇಡಿಯಾಗಿ ಹಾಕಿದ್ದು ಯಾರು ಎಂಬುದನ್ನು ನಾನು ಈವರೆಗೆ ಕೇಳಿಲ್ಲ.)

ಆದರೆ ಪಾಪ, ಆ ಗುಟ್ಟು ಇಟ್ಟುಕೊಳ್ಳಲು ಶೈಲಾ ಪಟ್ಟ ಪಾಡು! ಇಪ್ಪತ್ತೆರಡು ವರ್ಷ ಆ ಹಿತ್ತಲ ಗೋಡೆಯ ಮೇಲೆ ದಾಟದ ವಸ್ತುವಿಲ್ಲ, ದಾಟದ ಮಾತಿಲ್ಲ. ನನ್ನ ಶುಗರ್ ರಿಪೋರ್ಟು ನನಗಿಂತ ಮೊದಲು ಪಾರ್ವತಕ್ಕನಿಗೆ ಗೊತ್ತಾಗುತ್ತಿತ್ತು. ಅಂಥವಳು ಎಂಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಳು. ಹೊಟ್ಟೆ ಉಬ್ಬರ ಎಂದು ಡಾಕ್ಟರ ಹತ್ತಿರ ಹೋಗಿ ಬಂದಳು. ಮಾತ್ರೆಯಿಂದ ಹೋಗುವ ಉಬ್ಬರವೇ ಅದು?

ಮುಹೂರ್ತ ಇಟ್ಟುಕೊಟ್ಟವರು ನಮ್ಮ ಬೀದಿಗೆಲ್ಲ ಬೇಕಾದ ಅಯ್ಯನವರು. "ಯಾರಿಗೂ ಹೇಳಬ್ಯಾಡ್ರಿ ಅಯ್ಯನೋರೆ" ಎಂದು ಶೈಲಾ ಕೈ ಮುಗಿದಳು.

"ನನ್ನ ಬಾಯಿ ಲಿಂಗದ ಕರಡಿಗೆ ಇದ್ದಂಗೆ ತಾಯೀ. ಪೂಜೆಗೆ ಬಿಟ್ರೆ ಬಿಚ್ಚಂಗಿಲ್ಲ," ಅಂದರು. "ಸೋಮವಾರ ಏಳೂವರೆಗೆ ರಾಹುಕಾಲ ಹಿಡೀತೈತೆ. ಆರೂ ಕಾಲಿಗೆ ಸರಿಯಾಗಿ ಸೈಟಿನಾಗೆ ಇರ್ರಿ."

ಆರೂ ಕಾಲಿಗೆ ಇದ್ದೆವು. ಲೇಔಟಿಗೆ ಏನೋ ಹಸಿರು ಕಣಿವೆ ಅನ್ನುವ ಅರ್ಥದ ಇಂಗ್ಲಿಷ್ ಹೆಸರು. ಹಸಿರು ಅಂತ ಇರುವುದು ಜಾಲಿ ಗಿಡ. ಕಣಿವೆ ಅಂತ ಇರುವುದು ಚರಂಡಿಗೆ ತೋಡಿಟ್ಟ ಗುಂಡಿ. ಅಯ್ಯನವರು ಈಶಾನ್ಯ ಮೂಲೆಯಲ್ಲಿ ಪೂಜೆ ಶುರು ಮಾಡಿದರು. ಮಂತ್ರಕ್ಕಿಂತ ಹೆಚ್ಚು ವಾಚು ನೋಡುತ್ತಿದ್ದರು. "ಬೇಗ ಬೇಗ" ಅನ್ನುತ್ತಿದ್ದರು. ಶೈಲಾ ಸ್ವೆಟರ್ ಬಿಚ್ಚಿ, ಸೆರಗು ಸರಿಮಾಡಿಕೊಂಡು, "ನಾನು ಗುದ್ದಲಿ ಎತ್ತಿದಾಗ ಒಂದು ಫೋಟೋ ತೆಗೀರಿ" ಅಂದಳು. ಅದೇ ನೋಡಿ, ತಡ ಆದದ್ದು.

ಶೈಲಾ ಗುದ್ದಲಿ ಎತ್ತಿದ್ದಾಳೆ. ನಾನು ಮೊಬೈಲ್ ಹಿಡಿದಿದ್ದೇನೆ. ಧೂಳೆಬ್ಬಿಸಿಕೊಂಡು ಒಂದು ಆಟೋ ಬಂದು ನಿಂತಿತು. ಇಳಿದವರು ಜರಿ ಪಂಚೆಯ ಕೊಟ್ರೇಶಣ್ಣ. ಅವರ ಹಿಂದೆ ಹೂವಿನ ಬುಟ್ಟಿ ಹಿಡಿದ ಪಾರ್ವತಕ್ಕ.

ಎತ್ತಿದ ಗುದ್ದಲಿ ಎತ್ತಿದಲ್ಲೇ ನಿಂತಿತು.

"ಏನೇ ಶೈಲಾ," ಪಾರ್ವತಕ್ಕನೇ ಮೊದಲು ಬಾಯಿ ಬಿಟ್ಟರು, "ನಾಯಕನಹಟ್ಟಿ ಇಲ್ಲಿಗೇ ಬಂತೇನೇ?"

"ಅಣ್ಣೋರ ವಾಕಿಂಗು ಭಾಳ ದೂರ ಬಂತಲ್ಲ ಅಕ್ಕಾ?" ಅಂದಳು ಶೈಲಾ.

ನಾನೂ ಕೊಟ್ರೇಶಣ್ಣನೂ ಆಕಾಶ ನೋಡಿದೆವು. ಮೋಡವೂ ಇರಲಿಲ್ಲ. ಇಬ್ಬರು ಹೆಂಗಸರೂ ಅಯ್ಯನವರ ಕಡೆ ತಿರುಗಿದರು.

"ನೀವೂ ಹೇಳಬ್ಯಾಡ್ರಿ ಅಂದ್ರಿ, ಅವರೂ ಹೇಳಬ್ಯಾಡ್ರಿ ಅಂದ್ರು," ಅಂದರು ಅಯ್ಯನವರು, "ನಾನು ಯಾರಿಗೂ ಹೇಳ್ಲಿಲ್ಲ. ಇದ್ದಿದ್ದು ಒಂದೇ ಒಳ್ಳೇ ದಿನ. ನಿಮ್ಮದು ಆರೂ ಕಾಲು, ಅವರದು ಆರೂ ಮುಕ್ಕಾಲು. ನೀವು ಫೋಟೋ ತೆಕ್ಕೊಂತಾ ನಿಂತ್ರೆ ನಾನೇನ್ ಮಾಡ್ಲಿ?"

ಅಷ್ಟರಲ್ಲಿ ಇನ್ನೊಂದು ಸ್ಕೂಟರ್ ಬಂತು. ನಮ್ಮ ಬೀದಿ ಮೂಲೆಯ ಕಿರಾಣಿ ಅಂಗಡಿ ತಿಪ್ಪೇಸ್ವಾಮಿ. ನಮ್ಮನ್ನೆಲ್ಲ ಕಂಡವನೇ ಸ್ಕೂಟರ್ ತಿರುಗಿಸಲು ನೋಡಿದ. ಹಿಂದೆ ಕೂತಿದ್ದ ಅವನ ಅವ್ವ, "ಲೇ, ರಾಹುಕಾಲ ಬರ್ತೈತೆ, ಮುಂದಕ್ಕೆ ನಡಿಯೋ" ಎಂದು ಬೆನ್ನಿಗೆ ಗುದ್ದಿದರು.

ಈಗ ಜಗಳ ಆಗಬೇಕಲ್ಲ? ಆಯಿತು. ಆದರೆ ನಾನು ಎಣಿಸಿದ ಜಗಳ ಅಲ್ಲ.

"ಇಷ್ಟು ದಿನ ನನ್ನ ಹತ್ರ ಮುಚ್ಚಿಟ್ಟೆ ಅಲ್ವೇನೇ?" ಅಂದರು ಪಾರ್ವತಕ್ಕ.

"ನೀವೇನು ಹೇಳಿದ್ರಾ? ಹೋಗ್ಲಿ, ಯಾವ ಸೈಟು ನಿಮ್ದು?"

ಪಾರ್ವತಕ್ಕ ಬುಟ್ಟಿ ಹಿಡಿದ ಕೈಯಿಂದಲೇ ದೂರಕ್ಕೆ ತೋರಿಸಿದರು. ನಾಲ್ಕು ಕ್ರಾಸ್ ಆಚೆ, ನೀರಿನ ಟ್ಯಾಂಕಿನ ಬುಡ.

ಶೈಲಾ ಗುದ್ದಲಿ ನೆಲಕ್ಕೆ ಹಾಕಿದಳು. "ಅಷ್ಟು ದೂರ ಯಾಕೆ ತಗೊಂಡ್ರಿ? ಒಂದು ಎಸಳು ಕರಿಬೇವಿಗೆ ನಾನು ಆಟೋ ಮಾಡ್ಕೊಂಡು ಬರ್ಬೇಕಾ? ಒಂದು ಮಾತು ಕೇಳಬಾರದಿತ್ತಾ?"

"ಗುಟ್ಟು ಮಾಡ್ಕೊಂಡು ಬಂದೋಳು ನೀನು, ನಾನು ಕೇಳ್ಬೇಕಿತ್ತೇನೇ?"

ಯಾರಿಂದ ಮುಚ್ಚಿಡಲು ಸ್ವೆಟರ್ ಹಾಕಿಕೊಂಡು ಬಂದಳೋ, ಅವರು ದೂರ ಹೋದರು ಎಂದು ಕೂಗಾಡುತ್ತಿದ್ದಾಳೆ! ಹೆಂಗಸರ ಲೆಕ್ಕ ನಮಗೆ ಅರ್ಥವಾಗುವುದಿಲ್ಲ ಎಂದು ನಗಲು ಹೊರಟೆ. ಆದರೆ ಆ ಟ್ಯಾಂಕಿನ ಕಡೆ ನೋಡಿದಾಗ ನನಗೂ ನಾಲ್ಕು ಕ್ರಾಸು ಜಾಸ್ತಿಯೇ ಅನ್ನಿಸಿತು. ನಿಜ ಹೇಳಬೇಕೆಂದರೆ, ಅವರನ್ನು ಅಲ್ಲಿ ಕಂಡಾಗ ನನಗೆ ಖುಷಿಯೇ ಆಗಿತ್ತು.

ಮೂರು ದಿನ ಹಿತ್ತಲ ಗೋಡೆ ಮೌನವ್ರತ ಹಿಡಿಯಿತು. ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಇಲ್ಲ, ಇದ್ದ ಒಗ್ಗರಣೆಗೆ ಕರಿಬೇವಿಲ್ಲ. ನನ್ನ ಪಾಡೂ ಅದೇ. ನನ್ನ ಮನೆಯ ಪೇಪರನ್ನು ಇಪ್ಪತ್ತೆರಡು ವರ್ಷದಿಂದ ಮೊದಲು ಓದುವವರು ಕೊಟ್ರೇಶಣ್ಣ. ಅದರಲ್ಲಿ ನಾನು ವಾರವಾರ ಬರೆಯುವ ಅಂಕಣ ಬಂದ ದಿನವಂತೂ ಜಗಲಿಯಿಂದಲೇ ತೀರ್ಪು: "ಈ ವಾರ ಉಪ್ಪು ಕಮ್ಮಿ ಕಣಲೇ ಮಂಜಾ." ಮಡಿಕೆ ಕೆಡದ ಪೇಪರ್ ಓದಬೇಕು ಎಂಬುದು ನನ್ನ ಬಹುದಿನದ ಆಸೆ. ಆ ಮೂರು ದಿನ ಸಿಕ್ಕಿತು. ಓದಲು ಮನಸ್ಸೇ ಬರಲಿಲ್ಲ.

ಗುರುವಾರ ಸಂಜೆ ಪಾರ್ವತಕ್ಕ ಬಂದರು. ಗೋಡೆ ಹತ್ತಿರಕ್ಕಲ್ಲ, ಮುಂಬಾಗಿಲಿಗೆ. ಹಿಂದೆ ಕೊಟ್ರೇಶಣ್ಣ. ಪಾರ್ವತಕ್ಕ ಅರಿಶಿನ ಕುಂಕುಮಕ್ಕೆ ಬಿಟ್ಟರೆ ಮುಂಬಾಗಿಲಿನಿಂದ ಬಂದವರಲ್ಲ. ವಿಷಯ ಗಂಭೀರವೇ ಎಂದುಕೊಂಡೆ.

"ಶೈಲಾ, ನಿಜ ಹೇಳ್ತೀನಿ ಕೇಳು," ಎಂದು ಕೂತರು. "ನನಗೆ ಆ ಲೇಔಟ್ ಬ್ಯಾಡವೇ ಬ್ಯಾಡಾಗಿತ್ತು. ನೀವು ಈ ಬೀದಿ ಬಿಟ್ಟು ಹೋಗ್ತೀರಿ ಅಂತ ಗೊತ್ತಾಗಿ, ಇವರಿಗೆ ಗಂಟುಬಿದ್ದು ಸೈಟು ತಗೊಳ್ಳಿಸ್ದೆ. ನೀನಿಲ್ಲದ ಬೀದ್ಯಾಗೆ ನಾನು ಇದ್ದು ಏನ್ ಮಾಡ್ಲಿ?" ಮಾತು ಮುಗಿಯುವ ಮೊದಲೇ ಕಣ್ಣು ತುಂಬಿಕೊಂಡವು.

"ಅಯ್ಯೋ ಅಕ್ಕಾ!" ಶೈಲಾ ಎದ್ದೇ ಬಿಟ್ಟಳು. "ಭಾನುವಾರ ಬಂದ್ರೆ ನೀವು ಬೀಗ ಹಾಕ್ಕೊಂಡು ಹೋಗೋದು ನೋಡಿ, ನೀವೇ ಹೊರಟ್ರಿ ಅಂತ ತಿಳ್ಕೊಂಡೆ. ಅದಕ್ಕೇ ಇವರ ತಲೆ ತಿಂದೆ. ನನಗೆಲ್ಲಿ ಬೇಕಿತ್ತು ಆ ಜಾಲಿ ಕಾಡು?"

ಇಬ್ಬರೂ ತಬ್ಬಿಕೊಂಡು ಅತ್ತರು. ಸುಮ್ಮನೆ ಯಾಕೆ ಸುಳ್ಳು, ನನ್ನ ಕಣ್ಣೂ ಒದ್ದೆಯಾಯಿತು. ಯಾರಿಗೂ ಹೋಗಲು ಇಷ್ಟವಿಲ್ಲ! ಇಷ್ಟು ಸುಲಭವಾ? ಜಿಮ್ ಹುಡುಗನಿಗೆ ಈಗಲೇ ಆಗೋದಿಲ್ಲ ಎಂದು ಹೇಳಿಬಿಡೋಣ ಎಂದು ಫೋನ್ ಕೈಗೆ ತೆಗೆದುಕೊಂಡೆ.

ಕೊಟ್ರೇಶಣ್ಣ ಗಂಟಲು ಸರಿಮಾಡಿಕೊಂಡರು. "ಮಂಜಾ, ನಮ್ಮನೆ ಮಾತು ಮುಗಿದೈತೆ ಕಣೋ. ಆ ಜಿಮ್ ಹುಡುಗನಿಂದ ಹೋದ ವಾರವೇ ಅಡ್ವಾನ್ಸ್ ಇಸ್ಕೊಂಡಾಯ್ತು. ಕೊಟ್ಟ ಮಾತು, ಹೆಂಗೆ ತಪ್ಪಲಿ?"

ಫೋನು ಜೇಬಿಗೆ ವಾಪಸ್ ಹೋಯಿತು. ಗೋಡೆಯಾಚೆ ಪಾರ್ವತಕ್ಕನ ಬದಲು ಟ್ರೆಡ್‌ಮಿಲ್. ಶೈಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾದ್ರೆ ನಾವೂ ಹೋಗೋದೇ," ಅಂದಳು. ಎಂಟು ತಿಂಗಳಿಂದ ಆಗದ ತೀರ್ಮಾನ ಎಂಟು ಸೆಕೆಂಡಿನಲ್ಲಿ ಆಗಿಹೋಯಿತು.

ನನಗೆ ಮಾತ್ರ ಸಿಟ್ಟು ಬಂತು. ನೀವು ಹೋಗ್ತೀರೆಂದು ನಾವು, ನಾವು ಹೋಗ್ತೀವೆಂದು ನೀವು. ಇದಕ್ಕೆ ಬುಡ ಎಲ್ಲೋ ಇರಬೇಕಲ್ಲ? "ಅಣ್ಣಾ, ಮೊದಲು ಭಾನುವಾರ ಭಾನುವಾರ ಸೈಟು ನೋಡೋಕೆ ಹೊರಟೋರು ನೀವು," ಅಂದೆ. "ಆಗ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ನಾವು ಹೋಗ್ತೀವಿ ಅಂತ ನಿಮಗೆ ಹೇಳಿದ ಪುಣ್ಯಾತ್ಮ ಯಾರು?"

ಕೊಟ್ರೇಶಣ್ಣ ಎದ್ದು ಮನೆಗೆ ಹೋಗಿ ಒಂದು ದಪ್ಪ ಫೈಲು ಹಿಡಿದು ಬಂದರು. ತೆರೆದರೆ, ಅಷ್ಟೂ ನನ್ನ ಅಂಕಣಗಳು. ಒಂದೊಂದನ್ನೂ ನೀಟಾಗಿ ಕತ್ತರಿಸಿ ಅಂಟಿಸಿದ್ದಾರೆ! ಉಪ್ಪು ಕಮ್ಮಿ ಅಂದದ್ದನ್ನೂ ಬಿಟ್ಟಿಲ್ಲ. ಅದರಲ್ಲಿ ಎರಡು ವರ್ಷದ ಹಿಂದಿನ ಒಂದನ್ನು ಹುಡುಕಿ, ಕನ್ನಡಕ ಏರಿಸಿ ಓದಿದರು: "ಈ ಬೀದಿಯಲ್ಲಿ ಇನ್ನು ಮನುಷ್ಯರಾದವರು ಬಾಳಲಾಗದು. ನಾನಂತೂ ಗಂಟುಮೂಟೆ ಕಟ್ಟಿದ್ದೇನೆ."

"ಬೀದಿಗೆಲ್ಲ ನಾನೇ ಓದಿ ಹೇಳ್ದೆ," ಅಂದರು. "ಪೇಪರ್ನಾಗೆ ಬಂದೈತೆ, ನೀನೇ ಬರ್ದಿದ್ದೀಯ, ಸುಳ್ಳಾಗ್ತೈತಾ ಅಂತ ಎಲ್ರೂ ಅವತ್ತೇ ಸೈಟು ನೋಡೋಕೆ ಶುರು ಮಾಡಿದ್ರು."

ಮೂರೂ ಜನ ನನ್ನ ಕಡೆ ತಿರುಗಿದರು.

ಆ ವಾರ ಬರೆಯೋಕೆ ನನಗೆ ಬೇರೆ ವಿಷಯ ಸಿಕ್ಕಿರಲಿಲ್ಲ, ಅಷ್ಟೇ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ?