ನೀರಿನ ಟ್ಯಾಂಕ್ ಸ್ಟಾಪಿನ ಬೆನ್ನುನೋವು

ನಮ್ಮ ಡ್ರೈವರ್ ಸಾಹೇಬರ ಬೆನ್ನುನೋವಿಗೆ ತಲೆಬುಡ ಇರಲಿಲ್ಲ. ಹನ್ನೊಂದು ವರ್ಷದಿಂದ ಅವರ ಬಸ್ಸಿಗೆ ನಾನೇ ಕಂಡಕ್ಟರ್, ನನಗೇ ಅರ್ಥವಾಗಲಿಲ್ಲ ಎಂದರೆ ನೋಡಿ. ಡಿಪೋದಿಂದ ಹೊರಡುವಾಗ ಕಲ್ಲುಗುಂಡಿನಂತಿರುವ ಮನುಷ್ಯ, ನೀರಿನ ಟ್ಯಾಂಕ್ ಸ್ಟಾಪ್ ಬರುತ್ತಿದ್ದಂತೆ "ಅಯ್ಯೋ, ಹಿಡ್ಕೊಳ್ತು" ಎನ್ನುತ್ತಿದ್ದರು. ಒಂದು ವರ್ಷದಿಂದ ಇದೇ ಗೋಳು.

ಸೀಟು ಸರಿಯಿಲ್ಲ ಅಂದರು. ಮೆಕ್ಯಾನಿಕ್ ಎರಡು ಸಲ ಸೀಟು ಬದಲಾಯಿಸಿದ. ಮನೆಯಿಂದ ದಿಂಬು ತಂದರು. ಕೊನೆಗೆ ಬಸ್ಸನ್ನೇ ಬದಲಾಯಿಸಿದ್ದಾಯಿತು. ನೋವು ಮಾತ್ರ ಅದೇ ಸ್ಟಾಪಿನಲ್ಲಿ ಹತ್ತುತ್ತಿತ್ತು, ಅದೂ ಟಿಕೆಟ್ಟಿಲ್ಲದೆ!

ಎಕ್ಸ್‌ರೇ ನೋಡಿದ ಡಾಕ್ಟರು, "ಮೂಳೆ ಗಟ್ಟಿಯಾಗಿದೆ. ಮನಸ್ಸಿಗೆ ಏನಾದ್ರೂ ನೋವಿದ್ಯಾ? ಅದಕ್ಕೂ ಬೆನ್ನು ಬಿಗಿಯುತ್ತೆ" ಎಂದರು.

"ನನ್ನ ಮನಸ್ಸು ಬೆನ್ನಲ್ಲಿದೆಯೇನ್ರೀ?" ಎಂದು ಇವರು ಹಾರಾಡಿದರು.

ಆದರೆ ಈ ತಿಂಗಳಲ್ಲಿ ವಾಸಿಯಾಗದಿದ್ದರೆ ಸ್ಟಿಯರಿಂಗ್ ಬಿಡಿಸಿ ಡಿಪೋ ಗೇಟಿನಲ್ಲಿ ಕೂರಿಸುತ್ತೇವೆ ಎಂದು ಮ್ಯಾನೇಜರ್ ಹೇಳಿಬಿಟ್ಟರು. ಗೇಟಿನಲ್ಲಿ ಕೂತು ಈ ಮನುಷ್ಯ ಬದುಕುತ್ತಾರೆಯೇ?

ಮರುದಿನ ಮುಂದೆಯೇ ನಿಂತು ಅವರನ್ನೇ ಗಮನಿಸಿದೆ. ಟ್ಯಾಂಕ್ ಕಾಣಿಸಿತು. ಉಸಿರು ಬಿಗಿಹಿಡಿದರು, ಭುಜ ಕಿವಿಯವರೆಗೆ ಏರಿತು. ಬಸ್ಸು ನಿಂತರೂ ಕತ್ತು ಸ್ಟಾಪಿನತ್ತ ತಿರುಗಲೇ ಇಲ್ಲ. ಅಲ್ಲಿ ನೀಲಿ ಚೀಲ ಹಿಡಿದ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ದಿನಾ ನಮ್ಮ ಬಸ್ಸು ಬಿಟ್ಟು ಹಿಂದಿನದಕ್ಕೇ ಹತ್ತುವವರು.

"ಹತ್ತಮ್ಮ, ಸೀಟಿದೆ" ಎಂದೆ.

"ಬೇಡಪ್ಪ. ನನ್ನ ಮುಖ ನೋಡಲ್ಲ ಅಂದೋನ ಬಸ್ಸು ನನಗ್ಯಾಕೆ?"

ನಾನು ಕಕ್ಕಾಬಿಕ್ಕಿಯಾಗಿ ಡ್ರೈವರ್ ಕಡೆ ನೋಡಿದೆ.

"ನಮ್ಮಕ್ಕ ಕಣಯ್ಯಾ. ನನ್ನ ಸಾಕಿ ಬೆಳೆಸಿದೋಳು," ಎಂದರು, ರಸ್ತೆ ನೋಡುತ್ತಲೇ. "ನನ್ನ ಮಗನ್ನ ಹೊಡೀತಿದ್ದೆ, ಬೇಡ ಅಂತ ಅಡ್ಡ ಬಂದ್ಲು. ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ವರ್ಷ ಆಯ್ತು."

"ಅಲ್ರೀ ಸ್ವಾಮಿ, ನಾವು ಸೀಟು ಬಿಚ್ಚಿ ಬಿಚ್ಚಿ ಸತ್ವಲ್ಲ! ಕತ್ತು ತಿರುಗಿಸ್ರೀ!"

ನಾನು ವಿಸಿಲ್ ಊದಲಿಲ್ಲ. ವಿಸಿಲ್ ಕೇಳದೆ ಅವರು ಬಸ್ಸು ಎತ್ತುವವರಲ್ಲ. ಜನ ಗೊಣಗಿದರು, ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಕೊನೆಗೂ ಕತ್ತು ತಿರುಗಿತು.

"ಹತ್ತಕ್ಕ," ಎಂದರು. "ತಪ್ಪಾಯ್ತು."

ಆಕೆ ಹತ್ತಿ ಅವರ ಹಿಂದಿನ ಸೀಟಿನಲ್ಲೇ ಕೂತರು. ಎರಡು ಸ್ಟಾಪ್ ಕಳೆದ ಮೇಲೆ, "ನೆಟ್ಟಗೆ ಕೂತ್ಕೊಳೋ" ಎಂದು ಗದರಿದರು. ಕನ್ನಡಿಯಲ್ಲಿ ಇವರ ಕಣ್ಣು ಒದ್ದೆಯಾಗಿತ್ತು.

ನೋವು ಅಂದೇ ಹೋಯಿತೇ? ಇಲ್ಲ. ಕಡಿಮೆಯಾಗಿದೆ, ಆದರೆ ಒಮ್ಮೊಮ್ಮೆ ಎಲ್ಲೆಂದರಲ್ಲಿ ಬರುತ್ತದೆ. ಮನಸ್ಸಿನದು ಬೆನ್ನಿಗೆ ಹೇಗೆ ಇಳಿಯುತ್ತದೋ, ದೇವರಾಣೆ ನನಗಿನ್ನೂ ಗೊತ್ತಿಲ್ಲ. ಸ್ಟಿಯರಿಂಗ್ ಮಾತ್ರ ಅವರ ಕೈಯಲ್ಲೇ ಇದೆ. ಆ ದಿಂಬಿನ ಮೇಲೆ ಈಗ ಅಕ್ಕ ಕೂರುತ್ತಾರೆ.