ಅವ್ವನ ಸರದಿ

ಹಳೆಯ ಮಣ್ಣಿನ ಮಾಳಿಗೆ ಮನೆಯನ್ನು ಕೆಡವುವಾಗ ಒಂದು ವಾಸನೆ ಏಳುತ್ತದೆ. ವರ್ಷಾನುಗಟ್ಟಲೆ ಒಲೆಯ ಹೊಗೆ ಕುಡಿದ ತೊಲೆ, ಇಲಿ ಬಚ್ಚಿಟ್ಟ ಜೋಳ, ಎಷ್ಟೋ ಮಳೆಗಾಲದಲ್ಲಿ ನೆನೆದು ಒಣಗಿದ ಮಣ್ಣು, ಎಲ್ಲ ಸೇರಿದ ವಾಸನೆ ಅದು. ಹೋದ ತಿಂಗಳು ಬೈಲಹೊಂಗಲದಲ್ಲಿ ಅಂಥದೊಂದು ಮನೆಯ ಮಾಳಿಗೆಗೆ ಗುದ್ದಲಿ ಹಾಕಿಸಿದಾಗ ಆ ವಾಸನೆ ಮೂಗಿಗೆ ಬಡಿದು ಕೆಲಸ ನಿಲ್ಲಿಸಿ ಕೂತುಬಿಟ್ಟೆ. ನಾನು ಗೌಂಡಿ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ರಾಮದುರ್ಗದಿಂದ ಕಿತ್ತೂರಿನವರೆಗೆ ನಾನು ಎತ್ತಿದ ಯಾವ ಗೋಡೆಗಾದರೂ ತೂಗುಗುಂಡು ಹಿಡಿದು ನೋಡಿ, ಒಂದು ಎಳೆಯಷ್ಟು ಓರೆ ಸಿಗಲಿಕ್ಕಿಲ್ಲ. ಶಾಲೆ ಯಾಕೆ ಬಿಟ್ಟೆ ಎಂದು ಜನ ಈಗಲೂ ಕೇಳುತ್ತಾರೆ. ರೊಟ್ಟಿ ಬಡಿಯಲು ಬಿಟ್ಟೆ ಎಂದರೆ ನಗುತ್ತಾರೆ. ನಿಜವಾಗಿಯೂ ಅದಕ್ಕೇ ಬಿಟ್ಟದ್ದು.

ಚಚಡಿಯ ಹತ್ತಿರದ ಹಳ್ಳಿಯೊಂದರಲ್ಲಿ ಅಂಥದೇ ಮಾಳಿಗೆಯ ನಮ್ಮ ಮನೆಯಿತ್ತು. ಊರಿನಲ್ಲಿ ಕ್ರೈಸ್ತರ ಮನೆಗಳು ನಾಲ್ಕೇ. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ಆಯಿ, ಅವ್ವ, ನಾನು, ನನ್ನ ತಂಗಿ ರೂತಿ. ರೂತಿಗೆ ಐದು ವರ್ಷವಿದ್ದಾಗ ಒಂದು ಜ್ವರ ಬಂತು. ಎರಡನೆಯ ದಿನ ಮೈ ಕಾದ ಹಂಚಾಯಿತು. ಗೌಡರ ಟ್ರ್ಯಾಕ್ಟರಿನಲ್ಲಿ ಅವ್ವ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಸವದತ್ತಿಯ ದವಾಖಾನೆಗೆ ಹೊರಟಳು. ಅರ್ಧ ದಾರಿಯಲ್ಲೇ ಎಲ್ಲ ಮುಗಿಯಿತು. ಮನೆಗೆ ಬಂದ ಅವ್ವ ಅಳಲಿಲ್ಲ, ಮಾತೂ ಆಡಲಿಲ್ಲ. ಉಣ್ಣೆಂದರೆ ಎರಡು ತುತ್ತು ಉಣ್ಣುವಳು, ಏಳೆಂದರೆ ಏಳುವಳು. ಒಲೆಯ ಮುಂದೆ ಕೂತರೆ ಹಂಚಿನ ಮೇಲಿನ ರೊಟ್ಟಿ ಕರಿಯಾಗುವುದನ್ನು ಸುಮ್ಮನೆ ನೋಡುವಳು. ಅಪ್ಪ ಮತ್ತು ಆಯಿ ದುಡಿಯಲು ಹೋಗಲೇಬೇಕಿತ್ತು. ಅವ್ವನನ್ನು ಒಬ್ಬಳನ್ನೇ ಬಿಡುವುದಕ್ಕೆ ಎಲ್ಲರಿಗೂ ಹೆದರಿಕೆ. ನಾನು ಪಾಟಿಚೀಲವನ್ನು ಗೂಟಕ್ಕೆ ಹಾಕಿ ಒಲೆಯ ಮುಂದೆ ಕೂತೆ.

ಗುರುವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ ಸೇರುತ್ತಿತ್ತು. ಜಮಖಾನೆ ಹಾಸಿ ಎಲ್ಲರೂ ಸುತ್ತುಗಟ್ಟಿ ಕೂಡುವುದು, ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು ಪ್ರಾರ್ಥಿಸುವುದು. ತಮ್ಮದು ಮುಗಿದರೆ, ಇಲ್ಲವೇ ಹೇಳಲು ಏನೂ ಇಲ್ಲದಿದ್ದರೆ, ಪಕ್ಕದವರ ಮೊಣಕಾಲು ಮುಟ್ಟಬೇಕು. ಆಗ ಸರದಿ ಅವರಿಗೆ ಹೋಗುತ್ತಿತ್ತು. ಮುಟ್ಟದೆ ಸರದಿ ಸರಿಯುವಂತಿಲ್ಲ. ಇದು ಆಯಿಯ ಅತ್ತೆಯ ಕಾಲದಿಂದ ಬಂದ ರೂಢಿ. ಪಕ್ಕದ ಮನೆಯ ನೀಲವ್ವ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು ಕಂಬಕ್ಕೆ ಒರಗುತ್ತಿದ್ದಳು. "ನಿಮ್ಮ ದೇವರಿಗೆ ನಾನೂ ಒಂದ ಮಾತ ಹೇಳ್ಲೇನ? ನಮ್ಮ ಎಮ್ಮಿ ಹಾಲ ಕೊಡವಲ್ದು," ಎಂದು ಹೇಳಿಯೇ ಬಿಡುವಳು. ಆಯಿ ಆಕೆಗೂ ಆಮೆನ್ ಅನ್ನುವಳು.

ಸರದಿಯ ಕೊನೆಯಲ್ಲಿ ಆಯಿ, ಆಮೇಲೆ ಅವ್ವ, ಆಕೆಯ ಪಕ್ಕದಲ್ಲಿ ನಾನು ಕೂಡುತ್ತಿದ್ದೆವು. ಅವ್ವನ ಸರದಿ ಬರುತ್ತಿತ್ತು. ಆಕೆ ಕಣ್ಣು ಮುಚ್ಚಿ ತುಸು ಹೊತ್ತು ಕೂತು ನನ್ನ ಮೊಣಕಾಲು ಮುಟ್ಟುವಳು. ಇಡೀ ವಾರದಲ್ಲಿ ಅವ್ವ ನನ್ನನ್ನು ತಾನಾಗಿ ಮುಟ್ಟುತ್ತಿದ್ದದ್ದು ಅದೊಂದೇ ಸಲ. ಆ ತುಸು ಹೊತ್ತಿನಲ್ಲಿ ಆಕೆ ಒಳಗೊಳಗೇ ಏನು ಹೇಳುತ್ತಾಳೆ ಎಂದು ನಾನು ತುಟಿಗಳನ್ನೇ ಕದ್ದು ನೋಡುತ್ತಿದ್ದೆ. ತುಟಿ ಅಲುಗುತ್ತಿರಲಿಲ್ಲ. ಹೇಳದ ಮಾತು ದೇವರಿಗೆ ಕೇಳಿಸುತ್ತದೆಯೇ ಎಂದು ಆಯಿಯನ್ನು ಕೇಳಿದ್ದೆ. "ಕೇಳಸ್ತೈತಿ. ಆದ್ರ ಅವಂಗೂ ಬಾಯಿಲೆ ಹೇಳಿದ್ರ ಚೊಲೊ ಅನಸ್ತೈತಿ," ಅಂದಿದ್ದಳು.

ಎಂಟು ತಿಂಗಳು ಹೀಗೇ ನಡೆಯಿತು. ನಮ್ಮ ಹಳೆಯ ಪಾಸ್ಟರು ಬೇರೆ ಊರಿಗೆ ಹೋಗಿ, ಬೈಲಹೊಂಗಲದಿಂದ ಬಸ್ಸಿಗೆ ಬಂದು ಹೋಗುವ ಎಳೆಯ ವಯಸ್ಸಿನವರೊಬ್ಬರು ಬಂದರು. ಅವರ ಎರಡನೆಯ ಗುರುವಾರ ಅದು. ಅವ್ವನ ಸರದಿ ಬಂತು. ಆಕೆ ಮಾತಾಡಲಿಲ್ಲ, ನನ್ನ ಮೊಣಕಾಲನ್ನೂ ಮುಟ್ಟಲಿಲ್ಲ. ಕೈ ಮಡಿಲಲ್ಲೇ ಉಳಿಯಿತು. ಹೊರಗೆ ಕಟ್ಟೆಯ ಹತ್ತಿರ ಬಸ್ಸು ಹಾರ್ನು ಹೊಡೆಯಿತು. ಪಾಸ್ಟರು ಮೆಲ್ಲಗೆ ನನ್ನತ್ತ ನೋಡಿ, "ನೀ ಪ್ರಾರ್ಥನಾ ಮಾಡಪಾ ತಮ್ಮಾ," ಅಂದರು. ನಾನು ಬಾಯಿ ತೆರೆದೆ. ಆಯಿ ಅವ್ವನ ಬೆನ್ನ ಹಿಂದಿನಿಂದ ಕೈ ಚಾಚಿ ನನ್ನ ತೊಡೆಗೆ ಫಟ್ಟೆಂದು ಕೊಟ್ಟಳು.

"ಬಾಯಿ ಮುಚ್ಚಲೇ. ನಿನ್ನ ಯಾರ ಮುಟ್ಯಾರ?"

"ಬಸ್ ಹೋಕ್ಕೈತ್ರಿ, ಅಮ್ಮಾರ," ಅಂದರು ಪಾಸ್ಟರು. "ಇದ ಕಡೀ ಬಸ್."

"ಹೋದ್ರ ಹೋಗ್ಲಿ ಬಿಡ್ರಿ. ಇಲ್ಲೇ ಉಣ್ರಿ, ಇಲ್ಲೇ ಮಲಗ್ರಿ. ಸರದಿ ಇನ್ನೂ ಅಕೀದ ಐತಿ. ದೇವರೇನು ಬಸ್ ಹಿಡೀಬೇಕಾಗಿಲ್ಲ."

ನೀಲವ್ವ ಸೆರಗಿನಲ್ಲಿ ನಗುವನ್ನು ಮುಚ್ಚಿಕೊಂಡಳು. ಪಾಸ್ಟರು ಕಿಟಕಿಯ ಕಡೆ ಒಮ್ಮೆ, ಅವ್ವನ ಕಡೆ ಒಮ್ಮೆ ನೋಡಿದರು. ಆಮೇಲೆ ಕೈಯಲ್ಲಿ ಹಿಡಿದಿದ್ದ ಚೀಲವನ್ನು ಗೋಡೆಗೆ ಒರಗಿಸಿ, ಚಕ್ಕಂಬಕ್ಕಳ ಹಾಕಿ ಗಟ್ಟಿಯಾಗಿ ಕೂತರು. ಬಸ್ಸು ಗರ್ರೆಂದು ಹೋಯಿತು.

"ನಾ ನಿನ್ನ ಕೂಡ ಮಾತ ಬಿಟ್ಟೇನಿ," ಅಂದಳು ಅವ್ವ. ಎಂಟು ತಿಂಗಳು ಬಳಸದ ದನಿ ತುಕ್ಕು ಹಿಡಿದ ಕೀಲಿನಂತಿತ್ತು. ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. "ಆ ದಾರಿತುಂಬ ನಿನ್ನ ಕರದೆ. ಟ್ರ್ಯಾಕ್ಟರ್ ಸಪ್ಪಳದಾಗ ಕೇಳಸ್ಲಿಲ್ಲೇನ ನಿನಗ? ಇವ್ರೆಲ್ಲಾ ವಾರಾ ವಾರಾ ಬಂದ ನಿನ್ನ ಹೊಗಳ್ತಾರ. ನಾ ಇವತ್ತ ಹೊಗಳೂದಿಲ್ಲ. ಸಿಟ್ಟ ಐತಿ ನನಗ. ಆದ್ರ ನಿನ್ನ ಬಿಟ್ರ ಅಕೀ ಹತ್ತರ ಯಾರ ಅದಾರ? ನೀನ ನೋಡ್ಕೋಬೇಕು. ಅಕೀ ಮಲಗಿದಾಗ ಕೌದಿ ಒದೀತಾಳ. ಎದ್ದ ಎದ್ದ ಹೊಚ್ಚಬೇಕು. ಮರೀಬ್ಯಾಡ."

ಹೇಳಿ ಕೈ ಚಾಚಿ ನನ್ನ ಮೊಣಕಾಲು ಮುಟ್ಟಿದಳು. ನನಗೆ ಪ್ರಾರ್ಥನೆಯೆಲ್ಲ ಮರೆತುಹೋಗಿತ್ತು. "ಯೇಸಪ್ಪಾ, ನಮ್ಮವ್ವ ಹೇಳಿದ್ದ ಕೇಳಸ್ಕೋ," ಅಂದೆ. ಎಲ್ಲರಿಗಿಂತ ಮೊದಲು ಆಮೆನ್ ಅಂದವಳು ನೀಲವ್ವ. ಅಪ್ಪ ಎದ್ದು ಹಿತ್ತಲಿಗೆ ಹೋದ. ಆಗ ಅವ್ವ ಅತ್ತಳು, ಆಯಿಯ ಮಡಿಲಲ್ಲಿ ಮುಖವಿಟ್ಟು, ಚಿಕ್ಕವರು ಅಳುವ ಹಾಗೆ.

ಮರುದಿನಕ್ಕೆಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮುಂದಿನ ಗುರುವಾರವೂ ಆಕೆ ದೇವರ ಜೊತೆ ಜಗಳವಾಡಿದಳು, ಅದರ ಮುಂದಿನ ಗುರುವಾರವೂ. ಆದರೆ ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಹಿಂದೆ ಬಂದು ನಿಂತು, "ಇದೇನ ರೊಟ್ಟಿನೋ, ಸವದತ್ತಿ ತಾಲೂಕಿನ ನಕಾಶೆನೋ? ಸರಿ ಅತ್ತಾಗ," ಎಂದು ಹಿಟ್ಟು ನಾದುವ ಕೊಣಮಿಗೆಯನ್ನು ತನ್ನ ಕಡೆ ಎಳೆದುಕೊಂಡಳು. ನನಗೆ ಅಷ್ಟು ಸುಖ ಕೊಟ್ಟ ಬೈಗುಳ ಮತ್ತೊಂದಿಲ್ಲ. ಶಾಲೆಗೆ ನಾನು ತಿರುಗಿ ಹೋಗಲಿಲ್ಲ. ಅಪ್ಪನ ಜೊತೆ ಗೌಂಡಿ ಕೆಲಸಕ್ಕೆ ಕರಣಿ ಹಿಡಿದೆ.

ಆಯಿ ಹೋದಳು, ಅಪ್ಪ ಹೋದ, ನೀಲವ್ವ ಹೋದಳು. ಆ ಮನೆಯ ಜಾಗದಲ್ಲಿ ಈಗ ಯಾರದೋ ಹಿಟ್ಟಿನ ಗಿರಣಿಯಿದೆ. ನಿಮ್ಮ ಹಳೆಯ ಮನೆಗಳ ಜಾಗದಲ್ಲೂ ಹೀಗೇ ಏನಾದರೊಂದು ಇದ್ದೀತು. ಅವ್ವ ಮಾತ್ರ ಬಹಳ ಕಾಲ ನನ್ನ ಜೊತೆ ಬೈಲಹೊಂಗಲದಲ್ಲಿದ್ದಳು. ಅಷ್ಟು ತಿಂಗಳು ಬಿಟ್ಟು ಆ ಸಂಜೆಯೇ ಯಾಕೆ ಬಾಯಿ ತೆರೆದಳು ಎಂಬ ಪ್ರಶ್ನೆ ನನ್ನನ್ನು ಕೊರೆಯುತ್ತಲೇ ಇತ್ತು. ಒಂದು ದಿನ ಆಕೆ ಅವರೆಕಾಯಿ ಸುಲಿಯುತ್ತಿದ್ದಾಗ ಕೇಳಿಯೇಬಿಟ್ಟೆ. ತಲೆ ಎತ್ತದೆ ಹೇಳಿದಳು: "ಆ ಹುಡುಗ ಬಸ್ ಬಿಟ್ಟು ಕುಂತ್ನಲ್ಲೋ. ದೇವರೂ ಹಂಗ ಕುಂತಾನೇನೊ ಅನಸ್ತು."

ಗುರುವಾರದ ಪ್ರಾರ್ಥನೆ ಈಗ ನನ್ನ ಮನೆಯಲ್ಲಿ ಸೇರುತ್ತದೆ. ಅವ್ವ ಹೋಗಿ ಎರಡು ವರ್ಷವಾಯಿತು. ಆಕೆಯಿದ್ದಾಗ ಕತ್ತಲಾದರೂ ಏಳಲಾಗುತ್ತಿರಲಿಲ್ಲ, ಅಷ್ಟು ಮಾತು ಇರುತ್ತಿತ್ತು ಆಕೆಗೆ ದೇವರ ಜೊತೆ. ಈಗ ಬೇಗ ಮುಗಿಯುತ್ತದೆ.